ಕಂದಾಯದವನಿಗೆ ಹೆಣ್ಣು ಯಾರು ಕೊಡ್ತಾರೆ

ಪ್ರಪಂಚದಲ್ಲಿ ಮೊದಲನೆಯ ರಾಜ ಮೊದಲ ಸಲ ಕಂದಾಯ ಕೇಳಿದ ದಿನವೇ ಯಾರೋ ಒಬ್ಬ ‘ಯಾಕೆ ಕೊಡಬೇಕು’ ಎಂದಿರಬೇಕು. ಅಂದಿನಿಂದ ಕೇಳುವವರು ಕೇಳುತ್ತಲೇ ಇದ್ದಾರೆ, ಇಲ್ಲ ಎನ್ನುವವರು ಹೊಸ ಹೊಸ ಕಾರಣ ಹುಡುಕುತ್ತಲೇ ಇದ್ದಾರೆ. ಆ ಕಾರಣಗಳನ್ನು ಕೇಳಿಸಿಕೊಳ್ಳುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರೋ ಏನೋ. ಮಹಾರಾಜರ ಕಾಲದ ಕೊನೆ, ಸ್ವಾತಂತ್ರ್ಯದ ಮೊದಲು ಎರಡೂ ಸೇರಿ ಹತ್ತು ವರ್ಷ ನಾನು ವಸೂಲಿ ಗುಮಾಸ್ತನಾಗಿ ಜಗಳೂರು, ಹೊನ್ನಾಳಿ, ನ್ಯಾಮತಿ ಅಂತ ತಿರುಗಿದೆ. ಒಂದು ಕಡೆ ಕುರಿ ಕಂದಾಯ, ಇನ್ನೊಂದು ಕಡೆ ಅಂಗಡಿ ಕಂದಾಯ, ಮತ್ತೊಂದು ಕಡೆ ಸೈಕಲ್ಲು, ಮನೆ.

ಚನ್ನಗಿರಿಯಲ್ಲಿದ್ದ ನನ್ನ ಅವ್ವನಿಗೆ ಮಾತ್ರ ಒಂದೇ ಚಿಂತೆ. ನನಗೆ ಮೂವತ್ತು ತುಂಬುತ್ತಾ ಬಂದಿತ್ತು. ಎರಡು ಕಡೆ ಹೆಣ್ಣು ಕೇಳಿ ಆಗಿತ್ತು. ಎರಡು ಕಡೆಯೂ ಜಾತಕ ಕೂಡಿತ್ತು, ನನ್ನ ಕೆಲಸ ಏನೆಂದು ಗೊತ್ತಾದ ಮೇಲೆ ಮಾತು ಕೂಡಲಿಲ್ಲ. “ದಿನಾ ಊರೋರ ಶಾಪ ತಿನ್ನೋ ಮನೆಗೆ ಮಗಳನ್ನ ಹೆಂಗೆ ಕೊಡಾದ್ರೀ” ಎಂದಿದ್ದರಂತೆ ಒಬ್ಬರು. ನಾನು ನಕ್ಕುಬಿಟ್ಟೆ. ಒಳಗೊಳಗೇ ಬೇಜಾರಾಗಿತ್ತು.

ಎಣಿಸಬಾರದ ಕುರಿ

ಜಗಳೂರಿನಲ್ಲಿದ್ದಾಗ ಬಿಳಿಚೋಡಿನ ಕಡೆ ಕುರಿ ಎಣಿಸಲು ಹೋಗಿದ್ದೆ. ತಲೆಗೆ ಇಷ್ಟು ಅಂತ ಮೇವಿನ ಕಂದಾಯ. ಕುರಿ ಕಾಯುವ ಮುದುಕ ಕಂಬಳಿ ಹಾಸಿ ಕೂರಿಸಿದ, ಹಾಲು ಕೊಟ್ಟ, ಆದರೆ ಲೆಕ್ಕ ಮಾತ್ರ ಕೊಡಲಿಲ್ಲ.

“ಎಷ್ಟು ಕುರಿ ಐತೆ?”

“ಕುರಿ ಎಣಿಸಬಾರದು ಸ್ವಾಮಿ. ಎಣಿಸಿದ್ರೆ ಕಮ್ಮಿ ಆಗ್ತವೆ. ನಮ್ಮಪ್ಪ ಎಣಿಸಿಲ್ಲ, ನಾನೂ ಎಣಿಸಿಲ್ಲ.”

“ಹಂಗಾದ್ರೆ ನಾನೇ ಎಣಿಸ್ತೀನಿ” ಎಂದು ಎದ್ದೆ. ಮೂವತ್ತೆಂಟಕ್ಕೆ ಬರುವ ಹೊತ್ತಿಗೆ ಒಂದು ಕುರಿ ಕಾಲು ಮಡಚಿ ದೊಪ್ಪನೆ ಮಲಗಿತು. ಮುದುಕನ ಹೆಂಡತಿ ಓಡಿಬಂದು ಎದೆ ಬಡಿದುಕೊಂಡಳು. ನಾನೂ ಹೆದರಿ ಲೆಕ್ಕ ನಿಲ್ಲಿಸಿದೆ. ಬರೆದದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ನೋಡಿದರೆ ಕುರಿ ಮಲಗಿದಲ್ಲೇ ನಿಶ್ಚಿಂತೆಯಾಗಿ ಮೆಲುಕು ಹಾಕುತ್ತಿತ್ತು.

ಹೊರಡುವಾಗ ಮುದುಕ ಸಲಿಗೆಯಿಂದ ಕೇಳಿದ: “ಮಕ್ಕಳೆಷ್ಟು ಸ್ವಾಮಿ ನಿಮಗೆ?”

“ಮದುವೇನೇ ಆಗಿಲ್ಲ.”

ಅವನು ನನ್ನನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿದ. “ಕಂಡೋರ ಕುರಿ ಎಣಿಸ್ಕಂತ ತಿರುಗಿದ್ರೆ ಹೆಂಗಾಗ್ತೈತೆ ಹೇಳ್ರಿ.”

ನಮ್ಮದೇ ಸರ್ಕಾರ

ಹೊನ್ನಾಳಿಯಲ್ಲಿ ಒಬ್ಬ ಬೆಲ್ಲದ ವರ್ತಕರಿದ್ದರು. ಸ್ವಾತಂತ್ರ್ಯದ ಚಳವಳಿ ನಡೆಯುತ್ತಿದ್ದ ಕಾಲ. ಪ್ರತಿ ವರ್ಷ ನಾನು ಹೋದ ಕೂಡಲೇ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಎದುರಿಗೆ ನಿಲ್ಲುತ್ತಿದ್ದರು. “ಜನ ಆರಿಸಿದ ಜವಾಬ್ದಾರಿ ಸರ್ಕಾರ ಬರೋತನಕ ಒಂದು ಕಾಸೂ ಕಟ್ಟಾದಿಲ್ಲ. ಬೇಕಾದ್ರೆ ಜೈಲಿಗೆ ಹಾಕ್ರಿ.” ನನಗೆ ಅವರ ಮೇಲೆ ನಿಜವಾಗಿಯೂ ಗೌರವವಿತ್ತು. ‘ವಸೂಲಾಗಿಲ್ಲ, ದೇಶಭಕ್ತಿ’ ಎಂದು ಮನಸ್ಸಿನಲ್ಲೇ ಬರೆದುಕೊಂಡು ಬರುತ್ತಿದ್ದೆ.

ಕೊನೆಗೆ ಸ್ವಾತಂತ್ರ್ಯ ಬಂತು, ಜವಾಬ್ದಾರಿ ಸರ್ಕಾರವೂ ಬಂತು. ನಾನು ಖುಷಿಯಿಂದ ಕಂದಾಯದ ಬಿಲ್ಲು ಹಿಡಿದುಕೊಂಡು ಓಡಿದೆ. ವರ್ತಕರು ಪೇಡ ಕೊಟ್ಟು ತಬ್ಬಿಕೊಂಡರು.

“ಇನ್ನೇನು ಯಜಮಾನರೇ, ಬಾಕಿ ಕಟ್ಟಿಬಿಡ್ರಿ” ಎಂದೆ.

“ಇದೇನ್ರೀ ಹಿಂಗಂತೀರಿ? ಆವಾಗ ಬ್ಯಾರೇರ ಸರ್ಕಾರ, ಕೇಳಿದ್ರು. ಈಗ ನಮ್ಮದೇ ಸರ್ಕಾರ. ಮನೇರು ಮನೇರ ಹತ್ರ ದುಡ್ಡು ಕೇಳ್ತಾರೇನ್ರೀ?”

ಒಂದೇ ಬಿಲ್ಲೆ

ಅಲ್ಲಿಂದ ನ್ಯಾಮತಿಯ ಕಡೆಯ ಕೆಲಸ ಬಂತು. ಆಗ ಸೈಕಲ್ಲಿಗೆ ವರ್ಷಕ್ಕೊಮ್ಮೆ ಕಂದಾಯ ಕಟ್ಟಿ, ನಂಬರಿನ ತಗಡಿನ ಬಿಲ್ಲೆ ಪಡೆದು ಅದಕ್ಕೆ ಕಟ್ಟಬೇಕಿತ್ತು. ಅಲ್ಲೊಬ್ಬ ಸಾಹೇಬರು ಆರು ಸೈಕಲ್ ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ತಪಾಸಣೆಗೆ ಹೋದರೆ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟರು. ಸೈಕಲ್ಲುಗಳನ್ನು ಹಿತ್ತಲಿನಿಂದ ತಾವೇ ಒಂದೊಂದಾಗಿ ತಂದು ತೋರಿಸಿ, ಮತ್ತೆ ಒಳಗೆ ಕೊಂಡೊಯ್ದರು. ಎಲ್ಲದರಲ್ಲೂ ಬಿಲ್ಲೆ ಇತ್ತು. ನಾನು ನಂಬರು ಬರೆದುಕೊಂಡೆ. ಚಹಾ ಮುಗಿಸಿ ನೋಡಿದರೆ ಪುಸ್ತಕದಲ್ಲಿ ಆರು ಸಲ ನಲವತ್ತಮೂರು.

“ಸಾಹೇಬ್ರೆ, ಆರಕ್ಕೂ ಒಂದೇ ನಂಬರಾ?”

ಸಾಹೇಬರು ಗಡ್ಡ ನೀವಿಕೊಂಡರು. “ಇಡೀ ತಾಲ್ಲೂಕಿಗೆ ಒಬ್ಬರೇ ಅಮಲ್ದಾರ್ ಸಾಕಾಗ್ತಾರೆ. ಆರು ಸೈಕಲ್ಲಿಗೆ ಒಂದು ಬಿಲ್ಲೆ ಸಾಲಲ್ವೇನ್ರೀ?”

ಹರಕು ಚಾಪೆಯ ಮನೆ

ಅದೇ ವರ್ಷ ನ್ಯಾಮತಿಯಲ್ಲಿ ಮನೆ ಕಂದಾಯ ಹೊಸದಾಗಿ ನಿಗದಿ ಮಾಡಬೇಕಿತ್ತು. ಮನೆ ನೋಡಿ, ಒಳಗಿನ ಅನುಕೂಲ ನೋಡಿ ಬರೆಯುವ ಕೆಲಸ. ಇವತ್ತು ಒಂದು ಕೇರಿ, ನಾಳೆ ಇನ್ನೊಂದು. ಊರಿನ ಹಿತ್ತಾಳೆ ಪಾತ್ರೆ, ಮಂಚ, ಕುರ್ಚಿಗಳೆಲ್ಲ ನನಗಿಂತ ಒಂದು ದಿನ ಮುಂಚೆ ಕೇರಿಯಿಂದ ಕೇರಿಗೆ ಹೋಗಿಬಿಡುತ್ತಿದ್ದವು. ಒಂದು ಮನೆಯಲ್ಲಂತೂ ಹರಕು ಚಾಪೆ, ಸೊಟ್ಟ ತಂಬಿಗೆ ಬಿಟ್ಟರೆ ಏನೂ ಇರಲಿಲ್ಲ. ಯಜಮಾನರು ತೂತು ಬಿದ್ದ ಧೋತರ ಉಟ್ಟು, “ನೋಡ್ರಿ ನಮ್ಮ ಬಾಳು” ಎಂದು ಕಣ್ಣೊರೆಸಿಕೊಂಡರು. ಪಾಪ ಎಂದು ಕಮ್ಮಿಯೇ ಬರೆದೆ.

ಎರಡು ವಾರದ ನಂತರ ನನ್ನ ಸೋದರಮಾವ ಬಂದ. “ನ್ಯಾಮತಿಯಾಗೆ ಒಂದು ಹೆಣ್ಣೈತೆ. ಹುಡುಗ ಸರ್ಕಾರಿ ನೌಕರ ಅಂತ ಅಷ್ಟೇ ಹೇಳೀನಿ. ನೀನು ಬಾಯಿ ಮುಚ್ಕಂಡು ಬಾ” ಎಂದ. ಅವ್ವ ಮೂರನೆಯ ಸಲ ಹೊಸ ಸೀರೆ ಉಟ್ಟು ಹೊರಟಳು. ಇದೂ ತಪ್ಪಿದರೆ ಇನ್ನು ಯಾರ ಮನೆಯ ಬಾಗಿಲಿಗೂ ಹೋಗುವುದಿಲ್ಲ ಎಂದು ಬಸ್ಸಿನಲ್ಲೇ ಹೇಳಿದಳು.

ಮನೆಗೆ ಹೊಸ ಸುಣ್ಣ ಬಳಿದಿತ್ತು, ನನಗೆ ಗುರುತು ಸಿಗಲಿಲ್ಲ. ಒಳಗೆ ಕುರ್ಚಿಗಳು, ಗೋಡೆಗೆ ಗಡಿಯಾರ, ಜಗಲಿಗೆ ಒರಗಿಸಿದ ಮಿರಮಿರ ಮಿಂಚುವ ಸೈಕಲ್ಲು. ಸೈಕಲ್ಲಿನ ಬಿಲ್ಲೆ ನೋಡಿದೆ. ನಲವತ್ತಮೂರು. ಸಾಹೇಬರ ಸೈಕಲ್ಲು ಇಲ್ಲಿ ಯಾಕೆ ಎಂದುಕೊಳ್ಳುವಷ್ಟರಲ್ಲಿ ಜರಿ ಅಂಚಿನ ಪಂಚೆ ಉಟ್ಟ ಯಜಮಾನರು ಕೈ ಮುಗಿಯುತ್ತಾ ಬಂದರು. ನನ್ನ ಮುಖ ನೋಡಿದವರು ಮುಗಿದ ಕೈ ಬಿಡಲೇ ಇಲ್ಲ. ಅದೇ ಹರಕು ಚಾಪೆಯ ಯಜಮಾನರು.

ಮಾವನಿಗೆ ಇದೇನೂ ಗೊತ್ತಿಲ್ಲ. “ಮನೆ ಬಾಳ ಅನುಕೂಲವಾಗೈತೆ. ಗಡಿಯಾರ ನಿಮ್ಮದೇ ಏನ್ರೀ?” ಎಂದ.

ಯಜಮಾನರು ಮಾವನ ಕಡೆ ತಿರುಗಿ “ಹೌದ್ರೀ” ಎಂದರು. ನನ್ನ ಕಡೆ ತಿರುಗಿ “ಅಲ್ರೀ” ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಪುಸ್ತಕ ತಂದೀರೇನ್ರೀ?” ಎಂದು ಕೇಳಿದರು.

ನನ್ನ ಕೆಲಸ ಬಯಲಾಯಿತು, ಇದೂ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಹುಡುಗಿ ಅವಲಕ್ಕಿ ತಂದಿಟ್ಟಳು. ಅಪ್ಪನ ಒದ್ದಾಟ ಒಳಗಿನಿಂದ ನೋಡಿದ್ದಳು. ತಲೆ ತಗ್ಗಿಸಿಯೇ, ಆದರೆ ಸ್ಪಷ್ಟವಾಗಿ ಹೇಳಿದಳು:

“ಬರ್ಕೊಳಾದಾದ್ರೆ ಸರಿಯಾಗಿ ಬರ್ಕೊಳ್ರಿ. ಅವತ್ತಿನ ಹರಕು ಚಾಪೆ ಎದುರು ಮನೇದು, ಇವತ್ತಿನ ಕುರ್ಚಿನೂ ಎದುರು ಮನೇದೇ. ಸೈಕಲ್ಲು ಸಾಹೇಬ್ರ ಅಂಗಡೀದು, ಬಾಡಿಗೆ ಗಂಟೆ ಲೆಕ್ಕದಾಗೆ ಓಡ್ತಾ ಐತೆ. ಈ ಮನೇದು ಅಂತ ಇರಾದು ನಾನೊಬ್ಬಳೇ. ನನ್ನ ಮ್ಯಾಲೇನಾದ್ರೂ ಕಂದಾಯ ಐತಾ?”

“ಇಲ್ರೀ” ಎಂದೆ. ಹತ್ತು ವರ್ಷದ ನೌಕರಿಯಲ್ಲಿ ನನ್ನ ಬಾಯಿಂದ ಕಂದಾಯ ಇಲ್ಲ ಎಂಬ ಮಾತು ಬಂದದ್ದು ಅದೇ ಮೊದಲು. ಅವ್ವ ಅಲ್ಲೇ ಅವಳ ಮುಡಿಗೆ ಹೂವು ಮುಡಿಸಿದಳು.

ಮದುವೆಯಾದ ಮೇಲೆ, ಹೆಣ್ಣು ಕೊಟ್ಟ ಮಾವನವರ ಮನೆ ಕಂದಾಯದ ಬಿಲ್ಲು ಹಿಡಿದುಕೊಂಡು ನಾನೇ ಹೋಗಬೇಕಾಯಿತು. ಅವರು ಹೋಳಿಗೆ ಊಟ ಹಾಕಿಸಿ, ಎಲೆ ಅಡಿಕೆ ಕೊಟ್ಟು, ನೊಂದ ದನಿಯಲ್ಲಿ ಹೇಳಿದರು: “ಮನೆಯಾಗೆ ನಮ್ಮದು ಅಂತ ಇದ್ದದ್ದು ಮಗಳೊಬ್ಬಳು. ಅವಳನ್ನೂ ನೀವೇ ತಗೊಂಡು ಹೋದ್ರಿ. ಇನ್ನೂ ಕಂದಾಯ ಅಂತೀರಲ್ಲ ಅಳಿಯಂದ್ರೇ.”

ನನ್ನ ಸಂಬಳದಲ್ಲೇ ಕಟ್ಟಿ ರಸೀದಿ ತಂದು ಹೆಂಡತಿಗೆ ಕೊಟ್ಟೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಲ್ರೀ, ಬರೀ ಒಂದು ಹರಕು ಚಾಪೆ ನೋಡಿ ಇಷ್ಟೊಂದು ಹಾಕಿದ್ರಾ?”