ಇನ್ನೂರು ಸದ್ದಿನ ಕೀಬೋರ್ಡು, ಒಂದು ಪುಕ್ಕಟೆ ಪಿನ್ನು

ಇಪ್ಪತ್ತೆರಡು ವರ್ಷಗಳಿಂದ ನೀರು ಸರಬರಾಜು ಕಚೇರಿಯ ಖರೀದಿ ವಿಭಾಗದಲ್ಲಿ ಕುರ್ಚಿ ಸವೆಸಿದವನು ನಾನು. ಮೂರು ಕೊಟೇಶನ್ ತರಿಸದೆ, ತುಲನಾ ಪಟ್ಟಿ ಬರೆಯದೆ ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ! ಅಂಥ ನನಗೆ ಒಂದು ಕೀಬೋರ್ಡು ಆರಿಸುವುದು ಯಾವ ಮಹಾ ಕೆಲಸ?

ವಿಷಯ ಇಷ್ಟೇ. ನಮ್ಮ ಕಚೇರಿಯಲ್ಲೊಂದು ಬ್ಯಾಂಡ್ ಇದೆ. ಕ್ಯಾಷಿಯರ್ ಗಿಟಾರ್ ನುಡಿಸುತ್ತಾರೆ, ಟೈಪಿಸ್ಟ್ ಹಾಡುತ್ತಾರೆ, ಮೀಟರ್ ರಿಪೇರಿಯವರು ಡ್ರಮ್ಸ್ ಬಾರಿಸುತ್ತಾರೆ. ತಂಡದ ಯಜಮಾನರೂ ಅವರೇ. ದೊಡ್ಡ ಸಾಹೇಬರ ಬೀಳ್ಕೊಡುಗೆಗೆ ಕೀಬೋರ್ಡ್ ನುಡಿಸುವವರು ಬೇಕಾಗಿದ್ದರು. ಚಿಕ್ಕಂದಿನಲ್ಲಿ ಆರು ತಿಂಗಳು ಹಾರ್ಮೋನಿಯಂ ಒತ್ತಿದ್ದ ನಾನು ಎರಡೂ ಕೈ ಎತ್ತಿದೆ.

"ವಾದ್ಯ ನೀವೇ ತರಬೇಕು," ಎಂದರು ಯಜಮಾನರು. "ಪ್ರೋಗ್ರಾಂ ಚೆನ್ನಾಗಾದ್ರೆ ಜಾಗ ನಿಮ್ದು. ಕೆಟ್ರೆ, ಉಗ್ರಾಣದವರು ಕಾಯ್ತಾ ಇದ್ದಾರೆ."

ಉಗ್ರಾಣದವರು! ನಾನು ಕೊಂಡ ಪ್ರತಿ ಸಾಮಾನಿನಲ್ಲೂ ಹುಳುಕು ಹುಡುಕಿ ವಾಪಸು ಕಳಿಸುವ ಪುಣ್ಯಾತ್ಮರು! ಅವರಿಗೆ ನನ್ನ ಜಾಗವೇ? ಪ್ರಾಣ ಹೋದರೂ ಬಿಡುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿದೆ.

"ನೋಡ್ತಿರು, ಕಡಿಮೆ ದುಡ್ಡಲ್ಲಿ ಊರೇ ಬೆರಗಾಗೋ ಕೀಬೋರ್ಡ್ ತರ್ತೀನಿ," ಎಂದು ಸಂಜೆ ಹೆಂಡತಿಯ ಮುಂದೆ ಘೋಷಿಸಿದೆ.

"ರೀ, ಗೊತ್ತಿರೋರು ಯಾರನ್ನಾದ್ರೂ ಕರ್ಕೊಂಡು ಹೋಗಿ."

"ಗೊತ್ತಿರೋರು ಯಾಕೆ? ತುಲನಾ ಪಟ್ಟಿ ಇದೆಯಲ್ಲ!"

ಪಟ್ಟಿ ಹಿಡಿದು ಮೂರು ಅಂಗಡಿ ಸುತ್ತಿದೆ. ಮೊದಲನೆಯವನು, ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳುತ್ತದೆ ಎಂದ. ನನ್ನ ಪಟ್ಟಿಯಲ್ಲಿ ಅದಕ್ಕೆ ಕಲಂ ಇರಲಿಲ್ಲ. ಎರಡನೆಯವನು "ನಾದ ಕೇಳಿ ಸಾರ್" ಎಂದ. ನಾದಕ್ಕೂ ಕಲಂ ಇರಲಿಲ್ಲ! ಮೂರನೆಯವನೊಬ್ಬನೇ ನನ್ನ ಭಾಷೆ ಬಲ್ಲವನು.

"ಇನ್ನೂರು ಥರ ಸದ್ದು ಬರುತ್ತೆ ಸಾರ್. ನಂಬರ್ ಒತ್ತಿದ್ರೆ ಸಾಕು, ಇಲ್ಲಿ ಕೆಂಪಗೆ ಬೆಳಗುತ್ತೆ. ಪಿಟೀಲು, ಕೊಳಲು, ರೈಲು, ಟೆಲಿಫೋನು, ನಾಯಿ..."

"ನಾಯೀನಾ?"

"ಒರಿಜಿನಲ್ ನಾಯಿ ಸಾರ್!"

ಬೆಲೆಯನ್ನು ಇನ್ನೂರರಿಂದ ಭಾಗಿಸಿದೆ. ಒಂದೊಂದು ಸದ್ದು ಎರಡು ಲೋಟ ಚಹಾಕ್ಕಿಂತ ಅಗ್ಗ! ಮೇಲಾಗಿ ಹೆಡ್‌ಫೋನನ್ನು ಕೀಬೋರ್ಡಿಗೆ ಜೋಡಿಸಲು ಬೆರಳುದ್ದದ ಒಂದು ಪಿನ್ನು ಪುಕ್ಕಟೆ. ಕನಿಷ್ಠ ದರ, ಗರಿಷ್ಠ ಸದ್ದು. ಕಡತ ಮುಕ್ತಾಯ!

ಮಾರನೆಯ ದಿನವೇ ತಾಲೀಮು. ಟೈಪಿಸ್ಟ್ ಕಣ್ಣು ಮುಚ್ಚಿ, ಕರುಳು ಹಿಂಡುವ ದನಿಯಲ್ಲಿ ಬೀಳ್ಕೊಡುಗೆ ಹಾಡು ಎತ್ತಿಕೊಂಡರು. ನಾನು ಪಿಟೀಲೆಂದು ಅಂದಾಜಿನ ಮೇಲೆ ಒಂದು ನಂಬರ್ ಒತ್ತಿ ಬೆರಳಿಟ್ಟೆ.

"ಬೌ!"

ಟೈಪಿಸ್ಟ್ ಕುರ್ಚಿ ಹತ್ತಿದರು. ಕ್ಯಾಷಿಯರ್ ಗಿಟಾರನ್ನು ದೊಣ್ಣೆಯಂತೆ ಹಿಡಿದು ಮೇಜಿನ ಕೆಳಗೆ ಹುಡುಕಿದರು.

"ಇನ್ನೊಂದ್ಸಲ ನಾಯಿ ಬೊಗಳಿದ್ರೆ," ಎಂದರು ಯಜಮಾನರು, "ಉಗ್ರಾಣದವರಿಗೆ ಹೇಳಿ ಕಳಿಸ್ತೀನಿ."

ಮನೆಗೆ ಬಂದವನೇ ಕೀಬೋರ್ಡನ್ನು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿ ತಪಸ್ಸಿಗೆ ಕುಳಿತೆ. ಊಟ ನೆಲಕ್ಕಿಳಿಯಿತು. ಕೈ ತಪ್ಪಿ ರೈಲು ಹೊರಟಾಗ ಅತ್ತೆ ಎದೆ ಹಿಡಿದುಕೊಂಡರು. ಟೆಲಿಫೋನ್ ಬಾರಿಸಿದಾಗ ಹೆಂಡತಿ ಒಲೆ ಬಿಟ್ಟು ಮೂರು ಸಲ ಓಡಿ ಬಂದಳು. ನಾಲ್ಕನೆಯ ಸಲ ಬರುವಾಗ ಅವಳ ಕೈಯಲ್ಲಿ ಹೆಡ್‌ಫೋನ್ ಇತ್ತು. ಅದನ್ನು ತಾನೇ ನನ್ನ ಕಿವಿಗೆ ತೊಡಿಸಿದಳು.

"ನಿಮ್ಮ ಸಂಗೀತಾನ ನೀವೇ ಅನುಭವಿಸಿ!"

ಪುಕ್ಕಟೆ ಪಿನ್ನು ಕೆಲಸಕ್ಕೆ ಬಂತು. ಅದನ್ನು ಕೀಬೋರ್ಡಿನ ತೂತಿಗೆ ತುರುಕಿದರೆ ಮುಗಿಯಿತು, ಹೊರಗೆ ಪಿಟ್ಟೆನ್ನುವ ಸದ್ದಿಲ್ಲ. ಮನೆಯವರಿಗೆ ನನ್ನ ಸಾಧನೆ ಬರೀ ಟಕಟಕವೆಂದು ಕೇಳಿಸುತ್ತಿತ್ತು. ನಂಬರುಗಳನ್ನೂ ಮನೆಗೆಲ್ಲ ಕೇಳುವಂತೆ ಹೇಳಿ ಹೇಳಿ ಅರೆದು ಕುಡಿದೆ. 134 ಪಿಟೀಲು, 139 ನಾಯಿ. ಆದರೂ ಎಚ್ಚರಿಕೆಗೆಂದು ಕಾರ್ಯಕ್ರಮದ ದಿನ ಪಿಟೀಲಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಹೆಡ್‌ಫೋನ್ ವೈರನ್ನು ಕಿತ್ತೆಸೆದು, ಕೀಬೋರ್ಡನ್ನು ಚಾದರದಲ್ಲಿ ಸುತ್ತಿ, ದಂಡಯಾತ್ರೆಗೆ ಹೊರಟವನಂತೆ ಹೊರಟೆ.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಸಾಹೇಬರು, ಅವರ ಆಚೆ, ಕೀಬೋರ್ಡು ಓರೆಯಾಗಿ ಕಾಣುವ ತುದಿಯಲ್ಲಿ ನನ್ನ ಹೆಂಡತಿ, ಅವಳ ಹಿಂದೆ ಉಗ್ರಾಣದವರು. ಕೀಬೋರ್ಡಿನ ಮುಂದೆ ಕ್ಯಾಷಿಯರ್ ಒಂದು ಮೈಕ್ ನಿಲ್ಲಿಸಿದರು. ಅಂಗೈ ನೋಡಿಕೊಂಡೆ. ಬೆವರಿಗೆ ಶಾಯಿ ಹರಡಿ ಹೋಗಿತ್ತು! ಅರೆದು ಕುಡಿದದ್ದೂ ಅದೇ ಬೆವರಿನಲ್ಲಿ ಹರಿದು ಹೋಗಿತ್ತು. ನೂರ ಮೂವತ್ತ... ಕೊನೆಯದು ನಾಲ್ಕೋ, ಒಂಬತ್ತೋ? ಬಿಲ್ಲಿನಲ್ಲಿ ಅಂಕಿ ಅಳಿಸಿದ್ದರೆ ದೊಡ್ಡದೇ ನಿಜವೆಂಬುದು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ. ಒಂಬತ್ತು ಒತ್ತಿದೆ.

ನುಡಿಸಿದೆ ನೋಡಿ! ಎಡಗಡೆ ಡ್ರಮ್ಸ್, ಬಲಗಡೆ ಗಿಟಾರ್, ನಡುವೆ ಕೇಳಿದ ಇಂಪೆಲ್ಲ ನನ್ನದೇ! ಕಣ್ಣು ಮುಚ್ಚಿದೆ, ತಲೆ ತೂಗಿದೆ, ಕೊನೆಯಲ್ಲಿ ಹತ್ತೂ ಬೆರಳು ಒಟ್ಟಿಗೆ ಇಳಿಸಿದೆ. ಸಾಹೇಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ. ಜನ ಏಳತೊಡಗಿದಾಗ ಯಜಮಾನರು ಬಂದು ನನ್ನ ಕೈ ಕುಲುಕಿದರು.

"ಇಷ್ಟು ಹಿತವಾಗಿ ನುಡಿಸ್ತೀರಿ ಅಂತ ಗೊತ್ತಿರ್ಲಿಲ್ಲ! ಒಂದು ಚೂರೂ ಅಡ್ಡ ಬರ್ಲಿಲ್ಲ. ಜಾಗ ನಿಮ್ದೇ!"

ಅಷ್ಟರಲ್ಲಿ ಉಗ್ರಾಣದವರು ವೇದಿಕೆ ಹತ್ತಿದರು. ಅಭ್ಯಾಸಬಲ ನೋಡಿ, ಬಂದ ಮಾಲನ್ನು ಪರೀಕ್ಷಿಸುವವರಂತೆ ಕೀಬೋರ್ಡಿನ ಹಿಂದೆ ಮುಂದೆ ಬಗ್ಗಿ ನೋಡಿದರು.

"ಇದೇನ್ರೀ, ತೂತಲ್ಲಿ ಪಿನ್ ಇದೆ? ಇದಿದ್ರೆ ಸದ್ದೇ ಹೊರಗೆ ಬರಲ್ವಲ್ಲ!"

ವೈರು ಕಿತ್ತಿದ್ದೆ, ಪಿನ್ನು ಮರೆತಿದ್ದೆ! ಅಂದರೆ ನಾನು ನುಡಿಸಿದ್ದು ಒಬ್ಬರಿಗೂ ಕೇಳಿಸಿಲ್ಲ! ಟೈಪಿಸ್ಟ್ ಬಾಯಿಗೆ ಸೆರಗು ಒತ್ತಿಕೊಂಡರು. ಯಜಮಾನರು ನನ್ನ ಕೈ ಬಿಟ್ಟರು. ನನಗೆ ರೋಷ ಉಕ್ಕಿತು.

"ನನ್ನ ಪಿಟೀಲಿನಿಂದ ನೀವೆಲ್ಲ ವಂಚಿತರಾದಿರಿ! ಈಗ ಕೇಳಿ!" ಎಂದು ಪಿನ್ನು ಕಿತ್ತೆ.

"ರೀ, ಬೇಡ!" ಎನ್ನುತ್ತ ಹೆಂಡತಿ ಮೆಟ್ಟಿಲು ಹತ್ತಿ ಓಡಿ ಬಂದಳು. ತಡವಾಗಿತ್ತು. ಹತ್ತೂ ಬೆರಳು ಇಳಿದಿದ್ದವು.

ಎಡಗಡೆಯಿಂದ ಮುದಿನಾಯಿ, ಬಲಗಡೆಯಿಂದ ಮರಿನಾಯಿ, ನಡುವೆ ಎಂಟು ನಡುವಯಸ್ಸಿನವು, ಎಲ್ಲ ಮೈಕಿನ ಮೂಲಕ! ಬೀದಿಯ ನಾಯಿಗಳು ಮರುದನಿ ಕೊಟ್ಟವು. ಬಾಗಿಲಲ್ಲಿದ್ದ ಸಾಹೇಬರು ಉಡುಗೊರೆಯ ಗೋಡೆ ಗಡಿಯಾರವನ್ನು ಗುರಾಣಿಯಂತೆ ಹಿಡಿದು ಕಾರಿನೊಳಗೆ ಹಾರಿದರು.

ಹೆಂಡತಿ ನನ್ನ ಕೈಯಿಂದ ಪಿನ್ನು ತೆಗೆದುಕೊಂಡು ತೂತಿಗೆ ಮೆಲ್ಲಗೆ ತುರುಕಿದಳು.

"ಪಿನ್ ನಂಗೆ ಮೊದಲೇ ಕಾಣಿಸ್ತಿತ್ತು," ಎಂದಳು.

"ಮತ್ತೆ ಹೇಳೋಕೇನಾಗಿತ್ತು?"

"ಅದರ ಪಕ್ಕ ಕೆಂಪಗೆ 139 ಅಂತ ನಂಬರೂ ಕಾಣಿಸ್ತಿತ್ತು."

ಯಜಮಾನರು ಕೊಟ್ಟ ಮಾತಿಗೆ ತಪ್ಪಲಿಲ್ಲ. ತಂಡದಲ್ಲಿ ನನ್ನ ಜಾಗ ಈಗ ಕಾಯಂ, ಪಿನ್ನಿನ ಜಾಗವೂ ಕಾಯಂ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಉಗ್ರಾಣದವರು ಬಂದು, ಪಿನ್ನು ಅಲುಗಾಡಿಸಿ ನೋಡಿ, "ಸರಿಯಾಗಿದೆ" ಎಂದು ಬರೆದು ಸಹಿ ಹಾಕುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ತಂದ ಸಾಮಾನುಗಳಲ್ಲಿ ಅವರು ತಕರಾರಿಲ್ಲದೆ ಪಾಸು ಮಾಡಿದ್ದು ಅದೊಂದನ್ನೇ. ಅದೂ ಪುಕ್ಕಟೆ ಬಂದದ್ದು!