ನಡುಹೊಳೆಯ ಬೊಗಸೆ ನೀರು

ಬಿಂದುಮಾಧವ ಮಾಸ್ತರರ ಅಂದಿನ ಫಜೀತಿಗೆಲ್ಲ ಕಾರಣ ಒಂದೇ: ಖಾಜಾಸಾಬನ ಹರಿಗೋಲು ಹನ್ನೆರಡು ಜನ ತುಂಬದೆ ಹೊರಡುತ್ತಿರಲಿಲ್ಲ.

ಧಾರವಾಡದಿಂದ ನಸುಕಿನ ಗಾಡಿಗೆ ಹೊರಟು, ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಎಲುಬು ಸಡಿಲಿಸಿಕೊಂಡು, ಪೇಡೆಯ ಡಬ್ಬಿ ಸಮೇತ ಮಾಸ್ತರರು ತುಂಗಭದ್ರೆಯ ದಂಡೆ ಮುಟ್ಟಿದಾಗ ಮೂರು ಗಂಟೆ. ಈ ದಂಡೆ ಮುಂಬಯಿ ಇಲಾಖೆ, ಆ ದಂಡೆ ಮೈಸೂರು ಸಂಸ್ಥಾನ. ಆಚೆಯ ಊರಿನ ರಮಾಕಾಂತರಾಯರ ಮಗಳು ತಾರಾಬಾಯಿಯನ್ನು ನೋಡಬೇಕಿತ್ತು, ಅದೂ ರವಿವಾರದ ರಾಹುಕಾಲ ಹಿಡಿಯುವ ಮೊದಲು, ಅಂದರೆ ನಾಲ್ಕೂವರೆಯೊಳಗೆ. ಮಾಸ್ತರರ ವಯಸ್ಸು ಮೂವತ್ತೊಂದು. ನಾಲ್ಕು ಸಂಬಂಧ ಆಗಲೇ ತಪ್ಪಿದ್ದವು. ಫೋಟೋದಲ್ಲಿ ತಾರಾಬಾಯಿ ನಕ್ಕ ರೀತಿಗೆ ಮಾಸ್ತರರು ಹದಿನೈದು ದಿನದಿಂದ ಸಾಲಿಯಲ್ಲಿ ಗಣಿತ ತಪ್ಪುತ್ತಿದ್ದರು, ಪಾಪ.

ಹರಿಗೋಲಿನಲ್ಲಿ ಮಂದಿ ಐದೇ.

“ಲಗೂ ಬಿಡಪಾ, ಖಾಜಾಸಾಬ!”

“ಇನ್ನ ಏಳ ಮಂದಿ ಬರಬೇಕ್ರಿ. ತೂಕ ಸಾಲದಿದ್ರ ಬುಗುರಿಯಂಗ ತಿರುಗತೈತಿ. ಯಾರರ ಸತ್ತಿದ್ರ ಮಾತ್ರ ಒಬ್ಬರಿದ್ರೂ ಬಿಡತೇನಿ. ನಮ್ಮಜ್ಜನ ಕಾಲದಿಂದ ಹಂಗ ಐತ್ರಿ.”

ಮುಕ್ಕಾಲು ತಾಸು ಕಳೆಯಿತು. ಮಾಸ್ತರರ ಸತ್ಯನಿಷ್ಠೆಯೂ ಕಳೆಯಿತು.

“ಸಾವೇ ಆಗೇದಪಾ. ಹೇಳ್ಲಿಕ್ಕೆ ಬಾಯಿ ಬರಲಿಲ್ಲ.”

ಖಾಜಾಸಾಬ ಕೂಡಲೇ ಹುಟ್ಟು ಹಾಕಿದ.

“ಯಾರ್ರೀ ಹೋದವರು?” ಆಚೆ ಊರಿನ ಸಿದ್ದಲಿಂಗಪ್ಪ ಕೇಳಿದ. ಆ ಊರಿನಲ್ಲಿ ಮಾಸ್ತರರಿಗೆ ಗೊತ್ತಿದ್ದದ್ದು ಒಂದೇ ಹೆಸರು.

“ರಮಾಕಾಂತರಾಯರು.”

“ಎಲಾ ಶಿವನ! ನಿನ್ನಿ ಸಂಜಿಕ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದಾರಲ್ರಿ!”

“ರಾತ್ರಿ... ಒಮ್ಮಿಂದೊಮ್ಮೆಲೇ.”

ಕೋಳಿಬುಟ್ಟಿ ಹಿಡಿದಿದ್ದ ಶರೀಫಾಬಿ ಅಳತೊಡಗಿದಳು. ಬುಟ್ಟಿಯಿಂದಲೂ ದನಿ ಕೂಡಿತು. ಅಳುತ್ತಲೇ ಆಕೆ ಡಬ್ಬಿ ನೋಡಿದಳು. “ಸತ್ತ ಮನಿಗೆ ಪೇಡೇ ಯಾಕ್ರಿ?”

“ಅವರಿಗೆ ಭಾಳ ಸೇರತಿದ್ವು,” ಎಂದರು ಮಾಸ್ತರರು, ಬೆವರು ಒರೆಸಿಕೊಂಡು.

ನಡುಹೊಳೆಯಲ್ಲಿ ಖಾಜಾಸಾಬ ಹುಟ್ಟು ಎತ್ತಿಬಿಟ್ಟ. “ಸಾವಿಗೆ ಹೊಂಟವರ ಪದ್ಧತಿ ಐತ್ರಿ. ಬೊಗಸಿ ನೀರು ಬಿಟ್ಟು, ಸತ್ತವರು ನಿಮಗೇನಾಗಬೇಕು ಅಂತ ಹೊಳಿತಾಯಿಗೆ ಹೇಳ್ರಿ. ಇಲ್ಲಿ ಆಡಿದ ಮಾತು ಎರಡೂ ದಂಡಿಗೆ ಲಾಗೂ.”

ಹರಿಗೋಲು ಸುತ್ತತೊಡಗಿತು. ಹೆಣ್ಣು ನೋಡುವ ಮೊದಲೇ ‘ಮಾವ’ ಎಂದು ಹೇಳಿ ನೀರು ಬಿಡಲು ಮಾಸ್ತರರ ಎದೆ ಒಪ್ಪಲಿಲ್ಲ.

“ತಂದಿ... ತಂದಿ ಸಮಾನ!” ಎಂದು ಬೊಗಸೆ ಬಿಟ್ಟರು.

ದಂಡೆ ಮುಟ್ಟಿದ ಮೇಲೆ ಎಷ್ಟು ಬೇಡವೆಂದರೂ ಅಷ್ಟೂ ಮಂದಿ ಅಳುತ್ತ ಮಾಸ್ತರರನ್ನು ನಡುವೆ ಹಿಡಿದುಕೊಂಡೇ ರಾಯರ ಮನೆಗೆ ನಡೆದರು. ಅಲ್ಲಿ ರಾಯರು ಜರಿ ರುಮಾಲು ಸುತ್ತಿಕೊಂಡು ವರನ ದಾರಿ ಕಾಯುತ್ತಿದ್ದರು. ಸಿದ್ದಲಿಂಗಪ್ಪ ಹತ್ತಿರ ಹೋಗಿ ಒಮ್ಮೆ ಮುಟ್ಟಿ ನೋಡಿದ.

ಮಾಸ್ತರರು ಕೈಮುಗಿದು ಎಲ್ಲ ಒಪ್ಪಿಕೊಂಡರು. ಐದನೆಯದೂ ಹೋಯಿತೆಂದು ಅವರಿಗೆ ಖಾತ್ರಿಯಾಗಿತ್ತು. ರಾಯರು ಮಾತ್ರ ರುಮಾಲು ಜಾರುವಷ್ಟು ನಕ್ಕರು.

“ಈ ವರ್ಷ ನನಗ ಗಂಡಾಂತರ ಅದ ಅಂತ ಜೋಯಿಸರು ಹೇಳಿದ್ರು. ಸುಳ್ಳು ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತದ. ನನ್ನ ಉಳಿಸಿದ್ರಿ, ಮಾಸ್ತರ್ರ!”

ಮಾಸ್ತರರಿಗೆ ಹೋದ ಜೀವ ಬಂತು. ಒಳಗೆ ಬಳೆಯ ಸದ್ದೂ ಕೇಳಿತು.

ಆಗ ಸಿದ್ದಲಿಂಗಪ್ಪ ಕಣ್ಣೊರೆಸಿಕೊಂಡ. “ನಡುಹೊಳ್ಯಾಗ ನೀರು ಬಿಟ್ಟು ‘ತಂದಿ ಸಮಾನ’ ಅಂದ್ರು, ರಾಯರ. ನಾವೆಲ್ಲಾ ಕೇಳೇವಿ.”

ರಾಯರು ಜಾರಿದ ರುಮಾಲು ನೆಟ್ಟಗೆ ಮಾಡಿಕೊಂಡರು. ಆಮೇಲೆ ಮಾಸ್ತರರನ್ನು ಗಟ್ಟಿಯಾಗಿ ಅಪ್ಪಿಕೊಂಡರು. “ಗಂಡು ಸಂತಾನ ಇಲ್ಲಂತ ಕೊರಗತಿದ್ದೆ. ಹೊಳಿತಾಯಿನೇ ಮಗನ್ನ ಕೊಟ್ಟಳು. ತಾರಾ, ಹೊರಗ ಬಾ!”

ತಾರಾಬಾಯಿ ಉಪ್ಪಿಟ್ಟಿನ ತಾಟು ಹಿಡಿದು ಬಂದಳು. ಫೋಟೋದಲ್ಲಿದ್ದದ್ದಕ್ಕಿಂತ ಚೆಲುವಾಗಿ ನಕ್ಕಳು.

“ತಗೋರಿ, ಅಣ್ಣಾ.”

ರಾಹುಕಾಲಕ್ಕೆ ಇನ್ನೂ ಹತ್ತು ನಿಮಿಷ ಇತ್ತು.