ಕೆಂಪು ಕಾರಿನ ಎರಡನೇ ಸೀಟು

ನನ್ನ ಮೈದುನ ಯಾರಿಗೂ ಹೆದರುವ ಆಸಾಮಿಯಲ್ಲ ಎಂದು ಅವನ ಪಲ್ಟನ್ನಿನಲ್ಲೆಲ್ಲ ಹೆಸರಂತೆ. ಹಾಗೆಂದವರು ಅವನನ್ನು ನಮ್ಮ ಬೀದಿಯಲ್ಲಿ ನೋಡಬೇಕಿತ್ತು! ರಜಕ್ಕೆ ಬಂದವನು ಕೈಯಲ್ಲೊಂದು ಕೋಲು ಹಿಡಿದು ಬೆಳಗಿನಿಂದ ಜಗಲಿಯ ಮೇಲೆ ಕಾವಲು ಕೂರುತ್ತಿದ್ದ. ಶತ್ರು ಯಾರು ಅಂತೀರಿ? ಎದುರುಮನೆಯ ಕೋಳಿಗಳು. ಅವು ಅವನ ಕಾರಿನ ಮೇಲೆ ಹತ್ತುತ್ತಿದ್ದವು.

ಕಾರು ಅಂದರೆ ಅಂತಿಂಥ ಕಾರಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಕಂಡಿದ್ದ ಕಾರೆಂದರೆ ಡಾಕ್ಟರರ ಮನೆ ಮುಂದಿನ ಕರಿ ಕಾರು, ಬಿಟ್ಟರೆ ಮದುವೆಗೆ ಬರುವ ಬಾಡಿಗೆ ಟ್ಯಾಕ್ಸಿ. ಇವನದು ಕೆಂಪು ಬಣ್ಣದ ಫಾರಿನ್ ಸ್ಪೋರ್ಟ್ಸ್ ಕಾರು! ಹೈಸ್ಕೂಲಿನಲ್ಲಿದ್ದಾಗಲೇ ಅಂಥದೊಂದರ ಚಿತ್ರವನ್ನು ಕ್ಯಾಲೆಂಡರಿನಿಂದ ಕತ್ತರಿಸಿ ಮಗ್ಗದ ಮನೆಯ ಕಂಬಕ್ಕೆ ಅಂಟಿಸಿದ್ದನಂತೆ. ಮಿಲಿಟರಿ ಸೇರಿ ಕ್ಯಾಪ್ಟನ್ ಆದದ್ದೇ ತಡ, ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಯಾರೋ ಮುದುಕರು ಮಾರಲಿಟ್ಟಿದ್ದ ಕಾರಿಗೆ ಕೂಡಿಟ್ಟ ಸಂಬಳವನ್ನೆಲ್ಲ ಸುರಿದುಬಿಟ್ಟ. ನೆಲಕ್ಕೆ ಅಂಟಿದಷ್ಟು ತಗ್ಗು. ಸೀಟು ಎರಡೇ ಎರಡು. ನಮ್ಮದೋ ಹನ್ನೊಂದು ಜನರ ಮನೆ!

ಅತ್ತೆ ನಿಂಬೆಹಣ್ಣು ಇಳಿ ತೆಗೆದರು, ಆರತಿ ಎತ್ತಿದರು. ಇವನು ಎಡಗಡೆಯ ಬಾಗಿಲು ತೆರೆದು, "ಅಮ್ಮ, ಮೊದ್ಲು ನೀನು ಕೂತ್ಕೋ," ಎಂದ. ಅವನ ಆಸೆಯೆಲ್ಲ ಇದ್ದದ್ದು ಅಷ್ಟೇ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಬೇಕು. ಕಂಬದ ಮೇಲಿನ ಚಿತ್ರ ತೋರಿಸಿ ಚಿಕ್ಕಂದಿನಲ್ಲೇ ಅವರಿಗೆ ಮಾತು ಕೊಟ್ಟಿದ್ದನಂತೆ.

ಅತ್ತೆ ಆರತಿ ತಟ್ಟೆ ಹಿಡಿದೇ ಹಿಂದೆ ಸರಿದರು. "ಎರಡೇ ಸೀಟಿನ ಗಾಡಿ ಮನೆ ಒಡೆಯೋ ಗಾಡಿ ಕಣೋ. ಮನೆಯೋರೆಲ್ಲ ಕೂತ್ಮೇಲೆ ನಾನು ಕೂತ್ಕೋತೀನಿ."

ಮಿಲಿಟರಿಯವನಿಗೆ ಇದು ಹುಕುಂ! ಮಾರನೆಯ ದಿನವೇ ಮನೆಮಂದಿಯನ್ನೆಲ್ಲ ಘಾಟಿಯ ದೇವಸ್ಥಾನಕ್ಕೆ ಸಾಗಿಸುವ ಕಾರ್ಯಾಚರಣೆ ಶುರುವಾಯಿತು, ಒಬ್ಬೊಬ್ಬರನ್ನಾಗಿ. ಮೊದಲು ಮಾವನವರನ್ನು ಬಿಟ್ಟು ಬಂದ, ಆಮೇಲೆ ನಮ್ಮ ಯಜಮಾನರನ್ನು, ಆಮೇಲೆ ಉಳಿದವರನ್ನು. ನನ್ನ ಸರದಿ ಬರುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಹೋಗಿ ನೋಡಿದರೆ ಅಲ್ಲಿ ನಮ್ಮವರು ಒಬ್ಬರೂ ಇಲ್ಲ! ಮಾವನವರು ಹಸಿವು ತಡೆಯಲಾರದೆ ಬಸ್ಸು ಹತ್ತಿ ಮನೆಗೆ ಹೋಗಿದ್ದರು. ಉಳಿದವರು ಅವರನ್ನು ಹುಡುಕಿಕೊಂಡು ಮುಂದಿನ ಬಸ್ಸು ಹತ್ತಿದ್ದರು.

"ಎಲ್ರೂ ಕೂತಾಯ್ತು. ಈಗ ಬಾಮ್ಮ," ಎಂದು ಬಂದು ನಿಂತ.

"ಅಯ್ಯೋ, ಅಷ್ಟು ತಗ್ಗಿನಲ್ಲಿ ಕೂತ್ರೆ ಎಬ್ಬಿಸೋರು ಯಾರಪ್ಪ?" ಎಂದರು ಅತ್ತೆ. ಇಡೀ ದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ರಾಟೆ ತಿರುಗಿಸುವವರು ಆಡುವ ಮಾತೇ ಇದು?

ಅವನಂತೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ರಜ ಕರಗುತ್ತಿತ್ತು. ಒಂದು ಸಲ ಕಾರು ಒರೆಸುವುದು, ಒಂದು ಸಲ ಅಡುಗೆಮನೆಯ ಬಾಗಿಲಿಗೆ ಬಂದು ಅಮ್ಮನ ಮುಖ ನೋಡುವುದು. ಅವನ ಓಡಾಟ ನೋಡಿ ನೋಡಿ ನನಗೇ ತಲೆ ಸುತ್ತು ಬಂತು.

"ಸ್ಪೋರ್ಟ್ಸ್ ಕಾರಿನ ಜೀವ ಅದರ ಗರ್ಜನೆಯಲ್ಲಿದೆ ಅತ್ತಿಗೆ. ಅದನ್ನ ಒಂದ್ಸಲ ಕೇಳಿದ್ರೆ ಅಮ್ಮ ತಾನಾಗೇ ಬಂದು ಕೂತ್ಕೋತಾಳೆ ನೋಡಿ!"

ಏನು ಗರ್ಜನೆಯೋ! ಬೀದಿಯ ಎರಡೂ ಕಡೆ ಪವರ್‌ಲೂಮುಗಳು. ಹುಲಿಯೇ ಬಂದು ಗರ್ಜಿಸಿದರೂ "ಏನಂದ್ರಿ?" ಎಂದು ಕೇಳುವ ಬೀದಿ ನಮ್ಮದು. ಕರೆಂಟ್ ಹೋದರೆ ಮಾತ್ರ ಮಗ್ಗಗಳು ಬಾಯಿ ಮುಚ್ಚುತ್ತವೆ. ಊರಿನವರೆಲ್ಲ ಕರೆಂಟ್ ಇರಲಪ್ಪಾ ಎಂದು ಬೇಡಿಕೊಂಡರೆ ಇವನೊಬ್ಬ ಹೋಗಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದ! ದಿನಾ ಹೋಗುತ್ತಿದ್ದ ಹಾಳು ಕರೆಂಟು ಆ ವಾರ ಕಣ್ಣು ಮಿಟುಕಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ ಹೋಯಿತು. ಬೀದಿಯ ನೇಕಾರರೆಲ್ಲ ಬೆವರು ಒರೆಸಿಕೊಳ್ಳುತ್ತ ಜಗಲಿಗೆ ಬಂದರು. ಇವನು ಎದೆಯುಬ್ಬಿಸಿ ಬೀಗದಕೈ ತಿರುಗಿಸಿದ.

ಕಿರ್... ಕಿರ್... ಆಮೇಲೆ ಅದೂ ಇಲ್ಲ. ಬ್ಯಾಟರಿ ಸತ್ತಿತ್ತು.

"ಏನ್ ಕ್ಯಾಪ್ಟನ್ರೇ, ಇದಕ್ಕೂ ಕರೆಂಟ್ ಹೋಯ್ತಾ?" ಎಂದರು ಎದುರುಮನೆಯ ಕೋಳಿ ಯಜಮಾನರು.

ಬ್ಯಾಟರಿ ಬದಲಾಯಿಸಿಕೊಂಡು ಮತ್ತೆ ಅಮ್ಮನ ಮುಂದೆ ಹಾಜರಾದ. "ಇವತ್ತು ಮಂಗಳವಾರ ಕಣೋ," ಎಂದರು ಅತ್ತೆ. ನೆಪಗಳಲ್ಲಿ ಅದೊಂದು ಮಾತ್ರ ನಿಜವಾಗಿತ್ತು.

ಕೊನೆಗೆ ಹೊರಡುವ ದಿನವೂ ಬಂತು. ಈ ಸಲ ಅವನನ್ನು ಗಡಿಗೆ ಹಾಕಿದ್ದರು. ಯೂನಿಫಾರಂ ತೊಟ್ಟು ಎಡಗಡೆಯ ಬಾಗಿಲು ತೆರೆದು ನಿಂತ. "ಅಮ್ಮ, ರೈಲ್ವೆ ಸ್ಟೇಷನ್ನಿನ ತನಕ ಆದ್ರೂ ಬಾ." ದನಿ ಸಣ್ಣಗಾಗಿತ್ತು. ಅತ್ತೆ ಅವನ ತಲೆ ಸವರಿದರು. "ಮುಂದಿನ ರಜಕ್ಕೆ ಬಾ. ಆವಾಗ ಖಂಡಿತ ಕೂತ್ಕೋತೀನಿ." ಅಮ್ಮ ಕೂರಬೇಕಾದ ಸೀಟಿನಲ್ಲಿ ಟ್ರಂಕು ಕೂತಿತು. ಕಾರನ್ನು ವಾಪಸ್ಸು ತರಲು ನಮ್ಮ ಯಜಮಾನರು ಸೈಕಲ್ ತುಳಿಯುತ್ತ ಹಿಂದೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಗ್ಗದ ಮನೆಗೆ ನುಗ್ಗಿದೆ. ಅಂದು ಒಂದು ಮಗ್ಗದ ಉದ್ದೆಳೆಗಳ ಹಾಸು ಮುಗಿದಿತ್ತು. ಹಾಸು ಮುಗಿದಾಗ ನಾವು ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಸೇರಿಸಿ ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೆಚ್ಚುತ್ತ ಕೂತಿದ್ದರು.

"ಅಲ್ಲ ಅತ್ತೆ, ಗಡಿಗೆ ಹೋಗೋ ಹುಡುಗ! ಒಂದ್ಸಲ ಕೂತಿದ್ರೆ ನಿಮ್ದೇನು ಹೋಗ್ತಿತ್ತು?"

ಅವರು ತಲೆ ಎತ್ತಲಿಲ್ಲ. "ಹಳೇ ಎಳೆ ಪೂರಾ ಕಿತ್ತಾಕ್ಬಿಟ್ರೆ ಹೊಸದನ್ನ ಯಾವುದಕ್ಕಮ್ಮ ಕೆಚ್ಚೋದು? ಅವನಿಗಿರೋದು ಇದೊಂದೇ ಆಸೆ. ನಾನು ಕೂತ್ಬಿಟ್ರೆ ತೀರೋಗ್ತದೆ. ಒಂಚೂರು ಉಳಿಸಿದ್ರೆ ತಾನೆ ಹುಡುಕ್ಕೊಂಡು ಬರೋದು?"

ನನ್ನ ಕಣ್ಣು ತುಂಬಿ ಬಂತು. ಅವರ ಪಕ್ಕ ಕೂತು ಎಳೆ ಬಿಡಿಸಿ ಕೊಡತೊಡಗಿದೆ. ಆಮೇಲೆ ಕಾರು ಮನೆಗೆ ಬಂತು, ಕೋಳಿಗಳೂ ಬಂದವು. ಅವನ್ನು ಓಡಿಸುವ ಕೋಲು ಈಗ ಅತ್ತೆಯ ಕೈಯಲ್ಲಿತ್ತು.

ಮುಂದಿನ ರಜಕ್ಕೆ ಅವನು ಬಂದ. ಗಡಿಯ ಬಿಸಿಲಿಗೆ ಕರ್ರಗಾಗಿದ್ದ, ಇಳಿದುಹೋಗಿದ್ದ. ಆದರೆ ಬಂದ! ಟ್ರಂಕು ಜಗಲಿಯ ಮೇಲಿಟ್ಟವನೇ ಕೇಳಿದ, "ಅಮ್ಮ, ಇವತ್ತು ಕೂತ್ಕೋತೀಯಾ?"

"ಇವತ್ತು ಮಂಗಳವಾರ ಕಣೋ," ಎಂದರು ಅತ್ತೆ.

ಅವನು ನನ್ನ ಕಡೆ ತಿರುಗಿದ. ಅಂದು ಶುಕ್ರವಾರ. ಬೆಳಿಗ್ಗೆ ತಾನೇ ಹೊಸಲಿಗೆ ಅರಿಶಿನ ಕುಂಕುಮ ಇಟ್ಟವಳು ನಾನೇ.

"ಹೌದು ಕಣಪ್ಪಾ," ಎಂದೆ, "ಮಂಗಳವಾರಾನೇ."